ದುಡ್ಡು ಕೊಟ್ಟು ತಂದ ಆಟಗಾರ, ಕೇರಿಯಲ್ಲೇ ಬೆಳೆದ ಆಟಗಾರ

ಕಳೆದ ರಜೆಯಲ್ಲಿ ಬಿಟಿಎಂ ಲೇಔಟ್ ಕಡೆಯ ಒಂದು ಟರ್ಫ್‌ನಲ್ಲಿ ರಾತ್ರಿ ಫುಟ್ಬಾಲ್ ಟೂರ್ನಮೆಂಟ್ ನಡೆಯಿತು. ನಮ್ಮ ಮದ್ರಸದಲ್ಲಿ ಓದಿ ಹೋದ ಹುಡುಗರದ್ದೂ ಒಂದು ತಂಡ ಇತ್ತು. ಒಂದು ತಿಂಗಳ ಮೊದಲೇ ಅವರು ತಿಲಕ್‌ನಗರ, ಗುರಪ್ಪನಪಾಳ್ಯ, ಜೆಪಿ ನಗರ ಅಂತ ಸುತ್ತಿ, ಊರಿನವರ ಅಂಗಡಿ, ಹೋಟೆಲ್, ಬೇಕರಿಗಳಲ್ಲಿ ಚಂದಾ ಎತ್ತಿದರು. ನಾವೂ ಕೈಲಾದಷ್ಟು ಕೊಟ್ಟೆವು. ಜೆರ್ಸಿಗೆ, ಎಂಟ್ರಿ ಫೀಸಿಗೆ ಬೇಕಾಗುತ್ತದೆ ಅಂತ ನಾವು ತಿಳಿದುಕೊಂಡಿದ್ದೆವು.

ಆಮೇಲೆ ಗೊತ್ತಾಯ್ತು, ಹಣದ ಮುಕ್ಕಾಲು ಪಾಲು ಹೋದದ್ದು ಹೊರಗಿನಿಂದ ಕರೆಸಿದ ಮೂವರು ‘ಗೆಸ್ಟ್’ ಆಟಗಾರರಿಗೆ. ಅವರು ಚೆನ್ನಾಗಿಯೇ ಆಡಿದರು, ಸುಳ್ಳು ಹೇಳಬಾರದು. ತಂಡ ಎರಡು ಪಂದ್ಯ ಗೆದ್ದಿತು, ಸೆಮಿಫೈನಲ್‌ನಲ್ಲಿ ಸೋತಿತು. ಗೆಸ್ಟ್‌ಗಳು ಅವತ್ತೇ ರಾತ್ರಿ ದುಡ್ಡು ಎಣಿಸಿಕೊಂಡು ಹೋದರು. ವರ್ಷವಿಡೀ ಬೆಳಿಗ್ಗೆ ಎದ್ದು ಪ್ರಾಕ್ಟೀಸ್ ಮಾಡಿದ ನಮ್ಮ ಮೂವರು ಮಕ್ಕಳು ಬೆಂಚಿನ ಮೇಲೆ ಕೂತಲ್ಲೇ ಟೂರ್ನಮೆಂಟ್ ಮುಗಿದಿತ್ತು.

ಅವರಲ್ಲಿ ಪಿಯುಸಿ ಓದುವ ಒಬ್ಬ ಗೋಲ್‌ಕೀಪರ್ ಆಮೇಲೆ ಮೈದಾನಕ್ಕೆ ಬರುವುದನ್ನೇ ನಿಲ್ಲಿಸಿಬಿಟ್ಟ. ದಾರಿಯಲ್ಲಿ ಸಿಕ್ಕಾಗ ಯಾಕೆ ಅಂತ ಕೇಳಿದೆವು. “ಉಸ್ತಾದ್, ಕಾಸು ಕೊಟ್ಟರೆ ಆಟಗಾರ ಸಿಗುತ್ತಾನಲ್ಲ, ನಾನ್ಯಾಕೆ ನಿದ್ದೆ ಬಿಟ್ಟು ಓಡಬೇಕು?” ಅಂದ. ನಮಗೆ ಉತ್ತರ ಹೊಳೆಯಲಿಲ್ಲ. ಹಣ ಸುರಿದರೆ ಗೆಲುವು ಬರುತ್ತದೆಯೇ? ದೊಡ್ಡ ಕ್ಲಬ್‌ಗಳ ಕಥೆ ಏನು? ಸ್ವಲ್ಪ ಓದಿ, ತಿಳಿದವರನ್ನು ಕೇಳಿ ನಮಗೆ ಅರ್ಥವಾದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮೂರ ಕ್ಲಬ್ಬಿನ ಲೆಕ್ಕ

ಮೊದಲು ಬೆಂಗಳೂರು ಎಫ್‌ಸಿಯನ್ನೇ ನೋಡೋಣ. 2013ರಲ್ಲಿ ಜೆಎಸ್‌ಡಬ್ಲ್ಯೂ ಕಂಪೆನಿ ಹುಟ್ಟುಹಾಕಿದ ಕ್ಲಬ್ ಇದು. ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಹಿಂದೆ ದೊಡ್ಡ ಕಂಪೆನಿ ಇತ್ತು, ಸಂಬಳ ಸರಿಯಾಗಿ ಸಿಗುತ್ತಿತ್ತು, ಒಳ್ಳೆಯ ತರಬೇತುದಾರ ಇದ್ದರು, ಸುನಿಲ್ ಛೆಟ್ರಿಯಂಥ ನಾಯಕ ಇದ್ದರು. ಹಾಗಾಗಿ ಹಣಕ್ಕೂ ಗೆಲುವಿಗೂ ಸಂಬಂಧವೇ ಇಲ್ಲ ಅಂತ ನಾವು ಹೇಳುವುದಿಲ್ಲ.

ಆದರೆ 2016ರ ಅಕ್ಟೋಬರ್ 19 ನೆನಪಿದೆಯಾ? ಅವತ್ತು ಕಂಠೀರವ ಕ್ರೀಡಾಂಗಣದಲ್ಲಿ ಎಎಫ್‌ಸಿ ಕಪ್ ಸೆಮಿಫೈನಲ್. ಎದುರಿಗೆ ಮಲೇಷ್ಯಾದ ಜೊಹೋರ್ ದಾರುಲ್ ತಅಝೀಮ್. ಜೊಹೋರ್ ರಾಜಮನೆತನದ ಬೆಂಬಲದ ಶ್ರೀಮಂತ ಕ್ಲಬ್, ಹಿಂದಿನ ವರ್ಷದ ಚಾಂಪಿಯನ್ ಕೂಡ. ಖರ್ಚಿನ ಲೆಕ್ಕ ಹಾಕಿದರೆ ನಮ್ಮವರು ಅವರ ಹತ್ತಿರಕ್ಕೂ ಬರುವಂತಿರಲಿಲ್ಲ. ಆದರೂ ಬೆಂಗಳೂರು 3-1ರಿಂದ ಗೆದ್ದಿತು. ಛೆಟ್ರಿ ಎರಡು ಗೋಲು, ಹುವಾನನ್ ಒಂದು ಗೋಲು. ಭಾರತದ ಕ್ಲಬ್ ಒಂದು ಎಎಫ್‌ಸಿ ಕಪ್ ಫೈನಲ್ ತಲುಪಿದ್ದು ಅದೇ ಮೊದಲು. ದೋಹಾದ ಫೈನಲ್‌ನಲ್ಲಿ ಇರಾಕಿನ ವಾಯುಪಡೆ ತಂಡಕ್ಕೆ ಒಂದು ಗೋಲಿನಿಂದ ಸೋತರು, ಅದು ಬೇರೆ ಮಾತು.

ಈಗ 2022ಕ್ಕೆ ಬನ್ನಿ. ಆ ವರ್ಷ ಕ್ಲಬ್ ರಾಯ್ ಕೃಷ್ಣ, ಸಂದೇಶ್ ಝಿಂಗನ್, ಹಾವಿ ಹೆರ್ನಾಂಡೆಜ್, ಪ್ರಬೀರ್ ದಾಸ್ ಅಂತ ದೊಡ್ಡ ದೊಡ್ಡ ಹೆಸರುಗಳನ್ನು ಒಟ್ಟಿಗೆ ತಂದಿತು. ಫಲ ಸಿಕ್ಕಿತಾ? ಸಿಕ್ಕಿತು. ಸೆಪ್ಟೆಂಬರ್‌ನಲ್ಲಿ ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿ ಡುರಾಂಡ್ ಕಪ್ ಗೆದ್ದರು. 2023ರ ಮಾರ್ಚ್‌ನಲ್ಲಿ ಐಎಸ್‌ಎಲ್ ಫೈನಲ್ ತಲುಪಿ ಪೆನಾಲ್ಟಿಯಲ್ಲಿ ಸೋತರು. ಏಪ್ರಿಲ್‌ನಲ್ಲಿ ಸೂಪರ್ ಕಪ್ ಫೈನಲ್‌ನಲ್ಲೂ ಸೋತರು. ಮೂರು ಫೈನಲ್, ಒಂದು ಕಪ್. ಆಮೇಲೆ ಕೃಷ್ಣ ಒಡಿಶಾಗೆ ಹೋದರು, ಝಿಂಗನ್ ಗೋವಾಗೆ ಹೋದರು, ಪ್ರಬೀರ್ ಕೇರಳಕ್ಕೆ ಹೋದರು. ಮರುವರ್ಷ ಹನ್ನೆರಡು ತಂಡಗಳಲ್ಲಿ ಬೆಂಗಳೂರಿಗೆ ಸಿಕ್ಕಿದ್ದು ಹತ್ತನೇ ಸ್ಥಾನ.

ಆ ಡುರಾಂಡ್ ಫೈನಲ್‌ನಲ್ಲಿ ಮೊದಲ ಗೋಲು ಹೊಡೆದದ್ದು ದೊಡ್ಡ ಹೆಸರಿನವರಲ್ಲ. ಕ್ಲಬ್ಬಿನ ರಿಸರ್ವ್ ತಂಡದಿಂದ ಮೇಲೆ ಬಂದ ಹುಡುಗ ಶಿವಶಕ್ತಿ ನಾರಾಯಣನ್. 2024ರ ಸೆಪ್ಟೆಂಬರ್‌ನಲ್ಲಿ ಐಎಸ್‌ಎಲ್‌ನ ಮೊದಲ ಪಂದ್ಯ, ಎದುರಿಗೆ ಈಸ್ಟ್ ಬೆಂಗಾಲ್. ಗೆಲುವಿನ ಒಂದೇ ಗೋಲು ಹೊಡೆದದ್ದು ಕ್ಲಬ್ಬಿನಲ್ಲೇ ಬೆಳೆದ ಬೆಂಗಳೂರಿನ ಹುಡುಗ, 19 ವರ್ಷದ ವಿನೀತ್ ವೆಂಕಟೇಶ್. ಆ ವರ್ಷ ತಂಡ ಮತ್ತೆ ಫೈನಲ್ ತಲುಪಿತು.

2025ರ ಏಪ್ರಿಲ್ 12ರ ಆ ಫೈನಲ್‌ನಲ್ಲಿ ಗೆದ್ದದ್ದು ಮೋಹನ್ ಬಾಗಾನ್. ಎರಡು-ಮೂರು ವರ್ಷಗಳಿಂದ ದೇಶದಲ್ಲಿ ಧಾರಾಳವಾಗಿ ಖರ್ಚು ಮಾಡಿದ ಕ್ಲಬ್ ಅದು. ಅವರ ಗೋಲು ಹೊಡೆದ ಕಮ್ಮಿಂಗ್ಸ್, ಮ್ಯಾಕ್ಲಾರೆನ್ ಇಬ್ಬರೂ ಆಸ್ಟ್ರೇಲಿಯಾ ಪರ ಆಡಿದವರು. ಅಂದರೆ ದುಡ್ಡು ಗೆಲ್ಲುವುದೂ ಉಂಟು. ಅದನ್ನು ಮುಚ್ಚಿಟ್ಟು ಮಕ್ಕಳಿಗೆ ಬುದ್ಧಿ ಹೇಳಿದರೆ ಅವರು ನಂಬುವುದಿಲ್ಲ.

ಸಂಬಳ ಬೇರೆ, ಖರೀದಿ ಬೇರೆ

ಈ ವಿಷಯದಲ್ಲಿ ನಮಗೆ ಕಣ್ಣು ತೆರೆಸಿದ್ದು ಇಂಗ್ಲೆಂಡಿನ ಒಂದು ಲೆಕ್ಕ. ಸೈಮನ್ ಕೂಪರ್ ಎಂಬ ಪತ್ರಕರ್ತ, ಸ್ಟೀಫನ್ ಶಿಮಾನ್ಸ್ಕಿ ಎಂಬ ಅರ್ಥಶಾಸ್ತ್ರಜ್ಞ ಸೇರಿ ‘ಸಾಕರ್‌ನಾಮಿಕ್ಸ್’ ಎಂಬ ಪುಸ್ತಕ ಬರೆದಿದ್ದಾರೆ. ಅದರಲ್ಲಿ 1978ರಿಂದ 1997ರವರೆಗಿನ 40 ಇಂಗ್ಲಿಷ್ ಕ್ಲಬ್‌ಗಳ ಲೆಕ್ಕ ಇದೆ. ಆಟಗಾರರನ್ನು ಕೊಳ್ಳಲು ಮಾಡಿದ ಖರ್ಚಿನಿಂದ ಲೀಗ್ ಸ್ಥಾನದ ಏರುಪೇರಿನಲ್ಲಿ ಶೇ. 16ರಷ್ಟನ್ನು ಮಾತ್ರ ವಿವರಿಸಬಹುದಂತೆ. ಆದರೆ ಆಟಗಾರರಿಗೆ ಕೊಡುವ ಸಂಬಳದಿಂದ ಶೇ. 92ರಷ್ಟನ್ನು ವಿವರಿಸಬಹುದು.

ಇದನ್ನು ನಮ್ಮ ಅಂಗಡಿ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ಪಕ್ಕದ ಹೋಟೆಲಿನ ಹೆಸರಾಂತ ಭಟ್ಟನಿಗೆ ಮುಂಗಡ ಕೊಟ್ಟು ಎಳೆದು ತಂದರೆ ಒಂದು ವಾರ ಗಿರಾಕಿ ಜಾಸ್ತಿ ಆಗಬಹುದು. ಆದರೆ ಇರುವ ಕೆಲಸದವರಿಗೆಲ್ಲ ತಿಂಗಳು ತಿಂಗಳು ಸರಿಯಾಗಿ ಸಂಬಳ ಕೊಟ್ಟು ಉಳಿಸಿಕೊಂಡವನ ಹೋಟೆಲ್ ಹತ್ತು ವರ್ಷ ನಡೆಯುತ್ತದೆ. ಬಂದವನು ಎಷ್ಟಕ್ಕೆ ಬಂದ ಅನ್ನುವುದಕ್ಕಿಂತ, ಇದ್ದವರು ಹೇಗಿದ್ದಾರೆ ಅನ್ನುವುದೇ ಮುಖ್ಯ.

ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ 2017ರಲ್ಲಿ ನೇಮರ್ ಒಬ್ಬರಿಗೇ 22.2 ಕೋಟಿ ಯೂರೋ ಸುರಿಯಿತು. ಆಮೇಲೆ ಎಂಬಾಪ್ಪೆ ಬಂದರು, ಮೆಸ್ಸಿ ಬಂದರು. ಚಾಂಪಿಯನ್ಸ್ ಲೀಗ್ ಮಾತ್ರ ಬರಲಿಲ್ಲ. ಮೂವರೂ ಬಿಟ್ಟು ಹೋದ ಮೇಲೆ, 2025ರ ಮೇ 31ರಂದು, ಇಂಟರ್ ಮಿಲಾನ್ ತಂಡವನ್ನು 5-0ಯಿಂದ ಸೋಲಿಸಿ ಆ ಕಪ್ ಎತ್ತಿದರು. ಆಗಲೂ ಅದು ಶ್ರೀಮಂತ ಕ್ಲಬ್ಬೇ. ಆದರೆ ಅಷ್ಟರಲ್ಲಿ ಅದು ಒಂದು ತಂಡವಾಗಿತ್ತು.

ನಮ್ಮ ಹಿರಿಯರು ಆಡಿದ ಆಟ

ಬೆಂಗಳೂರಿನಲ್ಲೇ ಇದಕ್ಕೆ ಹಳೆಯ ಉದಾಹರಣೆ ಉಂಟು, ನಮ್ಮ ಮಕ್ಕಳಿಗೆ ಹೆಚ್ಚಾಗಿ ಗೊತ್ತಿಲ್ಲದ್ದು. 1930ರ ದಶಕದಲ್ಲಿ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ದೇಶದ ನಾನಾ ಊರುಗಳಿಂದ ಒಳ್ಳೆಯ ಆಟಗಾರರನ್ನು ಕರೆಸಿ ಕಟ್ಟಿದ ತಂಡ. 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದ ತಂಡ ಅದು. 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಫೈನಲ್‌ನಲ್ಲಿ ಅಂಥ ತಂಡವನ್ನು ಸೋಲಿಸಿದ್ದು ಯಾರು ಗೊತ್ತಾ? ‘ಬೆಂಗಳೂರು ಮುಸ್ಲಿಮ್ಸ್’ ಕ್ಲಬ್! 1938ರಲ್ಲೂ, 1948ರಲ್ಲೂ ಅವರೇ ಆ ಕಪ್ ಗೆದ್ದರು. 1940ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಇದೇ ಬೆಂಗಳೂರು ಮುಸ್ಲಿಮ್ಸನ್ನು ಸೋಲಿಸಿ ಬಾಕಿ ತೀರಿಸಿಕೊಂಡಿತು ಅನ್ನಿ. ಇದೇ ಬೆಂಗಳೂರಿನ ಹುಡುಗ ಅಹ್ಮದ್ ಖಾನ್ 1948ರ ಲಂಡನ್, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಆಡಿದರು.

ಹೊಸ ಉದಾಹರಣೆ ಬೇಕೆಂದರೆ 2023ರ ಮಾರ್ಚ್ 4. ಸೌದಿಯ ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ ಫೈನಲ್. ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಕಪ್ ತಂದಿತು. ಆ ತಂಡದಲ್ಲಿ ಕೋಟಿಯ ಆಟಗಾರರು ಇರಲಿಲ್ಲ. ಬೆಂಗಳೂರಿನ ಲೀಗ್ ಕ್ಲಬ್‌ಗಳಲ್ಲಿ ಆಡುವ, ಹೊರಗಿನವರಿಗೆ ಹೆಸರೇ ಗೊತ್ತಿಲ್ಲದ ಹುಡುಗರು ಇದ್ದರು.

ದುಡ್ಡು ನಿಂತಾಗ ಉಳಿಯುವುದು

2025ರ ಆಗಸ್ಟ್‌ನಲ್ಲಿ, ಐಎಸ್‌ಎಲ್ ನಡೆಯುತ್ತದೋ ಇಲ್ಲವೋ ಎಂಬ ಗೊಂದಲದ ನಡುವೆ, ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಅಷ್ಟು ದೊಡ್ಡ ಕ್ಲಬ್ಬಿಗೇ ಆ ಗತಿ. ಆದರೆ ಅದೇ ಪ್ರಕಟಣೆಯಲ್ಲಿ, ಕಿರಿಯರ ತಂಡಗಳು ಮತ್ತು ತರಬೇತಿ ಶಾಲೆಗಳು ಎಂದಿನಂತೆ ನಡೆಯುತ್ತವೆ ಅಂತಲೂ ಇತ್ತು. ನಮ್ಮ ಗೋಲ್‌ಕೀಪರ್ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲೇ ಇದೆ ಅಂತ ನಮಗೆ ಅನಿಸಿತು. ಖರೀದಿಯ ಆಟಗಾರ ಹಣ ಇರುವಷ್ಟು ದಿನ ಇರುತ್ತಾನೆ. ಬೆಳೆಸಿದವನು ಹಣ ನಿಂತ ದಿನವೂ ಮೈದಾನದಲ್ಲಿ ಇರುತ್ತಾನೆ.

ಈ ಸಲ ಹುಡುಗರು ಚಂದಾ ಕೇಳಲು ಬಂದಾಗ ನಾವು ಅವರನ್ನು ಕೂರಿಸಿ ಲೆಕ್ಕ ಕೇಳಿದೆವು. ಸ್ವಲ್ಪ ಜಗಳವೂ ಆಯ್ತು. “ಉಸ್ತಾದ್, ಬೇರೆ ತಂಡದವರೆಲ್ಲ ಗೆಸ್ಟ್ ತರುತ್ತಾರೆ, ನಾವು ತರದಿದ್ದರೆ ಮೊದಲ ಮ್ಯಾಚಲ್ಲೇ ಔಟ್” ಅಂದರು. ಆಗಬಹುದು. ಕೊನೆಗೆ ಒಪ್ಪಂದ ಆದದ್ದು ಇಷ್ಟು: ಗೆಸ್ಟ್ ಒಬ್ಬನೇ. ಉಳಿದ ಹಣದಲ್ಲಿ ಶೂ ಇಲ್ಲದ ಮಕ್ಕಳಿಗೆ ಶೂ, ಭಾನುವಾರ ಬೆಳಿಗ್ಗೆ ಕಲಿಸಲು ಒಬ್ಬ ಕೋಚ್, ಮತ್ತು ಟರ್ಫ್ ಬಾಡಿಗೆ. ಪ್ರಾಕ್ಟೀಸಿಗೆ ತಪ್ಪದೆ ಬಂದವನಿಗೆ ಪ್ರತಿ ಪಂದ್ಯದಲ್ಲಿ ಸ್ವಲ್ಪ ಹೊತ್ತಾದರೂ ಆಡಲು ಅವಕಾಶ.

ಆ ಗೋಲ್‌ಕೀಪರ್ ಮನೆಗೂ ಹೋಗಿ ಬಂದೆವು. ಅವನ ಉಮ್ಮ ಚಾ ಕೊಟ್ಟರು, ಅವನು ತಲೆ ತಗ್ಗಿಸಿ ಕೂತಿದ್ದ. “ನೋಡೋಣ ಉಸ್ತಾದ್” ಅಂದಿದ್ದಾನೆ.

ಓದುಗರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಅಂಗಡಿಗೂ ಹುಡುಗರು ರಸೀದಿ ಪುಸ್ತಕ ಹಿಡಿದು ಬರುತ್ತಾರೆ. ಕೊಡಿ, ಧಾರಾಳವಾಗಿ ಕೊಡಿ. ಆದರೆ ಕೊಡುವ ಮೊದಲು ಒಂದು ಮಾತು ಕೇಳಿ: ಇದರಲ್ಲಿ ನಮ್ಮ ಕೇರಿಯ ಮಕ್ಕಳಿಗೆ ಎಷ್ಟು?