ಶುಗರ್ ಖಾತೆ ತೆರೆಯುವುದು ತಾಯಿಯ ಹೊಟ್ಟೆಯಲ್ಲೇ

ಮಕ್ತಲ್ ಸಂತೆಗೆ ಹೋಗಲಿ, ಗದ್ವಾಲದ ಅಡತ್ ಅಂಗಡಿಯಲ್ಲಿ ಕೂಡಲಿ, ನನಗೆ ಕೇಳಿಬರುವ ಮಾತು ಒಂದೇ: "ನಮ್ಮಪ್ಪ ಬೆಲ್ಲ ತಿಂದು ಎಂಬತ್ತು ವರ್ಷ ಬದುಕಿದ. ನನಗ ನಲವತ್ತಕ್ಕ ಶುಗರ್ ಹೆಂಗ ಬಂತ್ರೀ?" ಹಿಂದೆ ಇದನ್ನು ಸಾವ್ಕಾರ್ ರೋಗ ಅನ್ನುತ್ತಿದ್ದರು. ಈಗ ಗಳೆ ಹೊಡೆಯುವವನ ಜೇಬಿನಲ್ಲೂ ಗುಳಿಗೆ ಚೀಟಿ. ಅನ್ನ, ಚಹಾ, ಕೂತು ಮಾಡುವ ವ್ಯಾಪಾರ ಕಾರಣವೆಂಬುದು ಸುಳ್ಳಲ್ಲ. ಆದರೆ ಲೆಕ್ಕ ಅದಕ್ಕೂ ಬಹಳ ಮೊದಲೇ ಶುರುವಾಗಿರುತ್ತದೆ.

ಇದನ್ನು ತೋರಿಸಿದ್ದು ಮೈಸೂರಿನ ಹಳೇ ರಿಜಿಸ್ಟರುಗಳು. ಅಲ್ಲಿನ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಕೂಸುಗಳ ತೂಕ, ಉದ್ದ ಬರೆದಿಟ್ಟಿದ್ದರು. ಇಂಗ್ಲೆಂಡಿನ ಡಾ. ಕೆರೊಲಿನ್ ಫಾಲ್ ಮತ್ತು ಸಂಗಡಿಗರು ಅಲ್ಲಿ ಹುಟ್ಟಿ ಬೆಳೆದ 506 ಮಂದಿಯನ್ನು ಹುಡುಕಿ ರಕ್ತ ಪರೀಕ್ಷಿಸಿದರು. ವರದಿ ಬಂದದ್ದು 1998ರಲ್ಲಿ. ತೂಕ ಕಡಿಮೆಯಿದ್ದ ಕೂಸಿಗೆ ಮುಂದೆ ಸಕ್ಕರೆ ಕಾಯಿಲೆ ಹೆಚ್ಚು ಎಂದು ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್ ತಂಡ ಹೇಳಿತ್ತು. ಮೈಸೂರಿನ ಲೆಕ್ಕ ಬೇರೆ. ಗಿಡ್ಡಾಗಿ, ಉದ್ದಕ್ಕೆ ಮೀರಿ ದಪ್ಪಗೆ ಹುಟ್ಟಿದವರಿಗೆ, ತೂಕದ ತಾಯಂದಿರ ಮಕ್ಕಳಿಗೆ ಹೆಚ್ಚು. ತಾಯಿಗೇ ಬಸುರಿನಲ್ಲಿ ಸಕ್ಕರೆ ಏರಿತ್ತೇ ಎಂಬ ಗುಮಾನಿ ಬಂತು. 1997-98ರಲ್ಲಿ ಅದೇ ಆಸ್ಪತ್ರೆಯ ಬಸುರಿಯರನ್ನು ನೋಡಿದರೆ ನೂರಕ್ಕೆ ಆರು ಮಂದಿಗೆ ಇತ್ತು. ಅವರ ಮಕ್ಕಳಿಗೆ ಹತ್ತು ತುಂಬುವ ಮೊದಲೇ ಇನ್ಸುಲಿನ್ ಕೆಲಸ ಕುಂದಿತ್ತು.

ಪುಣೆಯ ಡಾ. ಯಾಜ್ಞಿಕ್ ಕಂಡದ್ದು ಇನ್ನೊಂದು: ನಮ್ಮ ಕೂಸು ನೋಡಲು ಸಣಕಲು, ಮಾಂಸಖಂಡ ಕಡಿಮೆ, ಚರ್ಮದಡಿಯ ಕೊಬ್ಬು ಮಾತ್ರ ಅಷ್ಟು ಕಡಿಮೆಯಿಲ್ಲ. ಹೊಟ್ಟೆಯಲ್ಲಿ ಬರ ಕಂಡ ದೇಹ ಕೂಡಿಡುವುದನ್ನು ಕಲಿಯುತ್ತದೆ. ಆಮೇಲೆ ಸುಗ್ಗಿ ಬಂದರೆ ಅದಕ್ಕೆ ತಡೆಯದು. ಪಾಲಮೂರು ಕೂಲಿ ಎಂದು ದೇಶಾಂತರ ಹೋದವರ ಮಕ್ಕಳು ಈಗ ಜುರಾಲಾ ನೀರಿನ ಭತ್ತ ಉಣ್ಣುತ್ತಿದ್ದಾರೆ. ಲೆಕ್ಕ ನೀವೇ ಹಾಕಿರಿ.

ಹಾಗೆಂದು ಹಣೆಬರಹ ಅನ್ನಬೇಕಿಲ್ಲ. 1987ರಿಂದ 90ರವರೆಗೆ ಹೈದರಾಬಾದ್ ಹತ್ತಿರದ ಕೆಲವು ಹಳ್ಳಿಗಳ ಅಂಗನವಾಡಿಯಲ್ಲಿ ಬಸುರಿಯರಿಗೂ ಮಕ್ಕಳಿಗೂ ಉಪ್ಪಿಟ್ಟು ಕೊಟ್ಟರು, ಪಕ್ಕದ ಕೆಲವು ಹಳ್ಳಿಗೆ ಅದಿನ್ನೂ ಬಂದಿರಲಿಲ್ಲ. ಆ ಮಕ್ಕಳು 13-18ರ ವಯಸ್ಸಿಗೆ ಬಂದಾಗ ಪರೀಕ್ಷಿಸಿದರು. ಉಪ್ಪಿಟ್ಟಿನ ಊರಿನವರು ತುಸು ಎತ್ತರ, ಅವರ ದೇಹ ಇನ್ಸುಲಿನ್ ಮಾತು ಹೆಚ್ಚು ಕೇಳುತ್ತಿತ್ತು. ಒಂದು ತಟ್ಟೆ ಉಪ್ಪಿಟ್ಟು!

ಬಸುರಿ-ಬಾಣಂತಿಯರಿಗೆ ಅಂಗನವಾಡಿಯಲ್ಲೇ ಊಟ ಕೊಡುವ ಯೋಜನೆ ತೆಲಂಗಾಣದಲ್ಲಿ 2015ರಲ್ಲಿ 'ಆರೋಗ್ಯಲಕ್ಷ್ಮಿ'ಯಾಗಿ, ಕರ್ನಾಟಕದಲ್ಲಿ 2017ರಲ್ಲಿ 'ಮಾತೃಪೂರ್ಣ'ವಾಗಿ ಶುರುವಾಯಿತು. ನಮ್ಮ ಕಡೆ ಹೆಣ್ಣು ಕೊಡುವುದು ರಾಯಚೂರು, ಯಾದಗಿರಿಗೆ. ಚೊಚ್ಚಲ ಹೆರಿಗೆ ನಾರಾಯಣಪೇಟೆಯ ತವರಿನಲ್ಲಿ. ಗಡಿ ದಾಟುವಾಗ ತಾಯಿ ಕಾರ್ಡ್ ಅತ್ತೆಮನೆಯ ಟ್ರಂಕಿನಲ್ಲೇ ಉಳಿಯುತ್ತದೆ. ಅದನ್ನು ತರಿಸಿಕೊಳ್ಳಿ. ಮೊದಲ ತಪಾಸಣೆಗೆ ಒಮ್ಮೆ, ಆರನೇ ತಿಂಗಳ ಹೊತ್ತಿಗೆ ಮತ್ತೊಮ್ಮೆ 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಎರಡು ತಾಸಿನ ಮೇಲೆ ರಕ್ತ ನೋಡುತ್ತಾರೆ. 140 ಅಥವಾ ಮೇಲೆ ಬಂದರೆ ಡಾಕ್ಟರ್ ಹೇಳಿದ ಪಥ್ಯ ಅಂದೇ ಶುರುವಾಗಬೇಕು.