ಅಂಗಳದ ಶಾಲೆಯ ಮುಂದಾಳು

ಬೀದರ ಜಿಲ್ಲೆಯ ಹುಮನಾಬಾದ ತಾಲೂಕಿಗೆ ಸೇರಿದ ದುಬಲಗುಂಡಿ ಬೇಸಾಯವನ್ನು ನಂಬಿದ ಸೀಮೆಯ ಊರು. ಮುಂಗಾರಿನಲ್ಲಿ ಹೆಸರು, ಉದ್ದು, ತೊಗರಿಯ ಹೊಲಗಳಲ್ಲಿ ಕಳೆ ಎದ್ದಾಗ ಈ ಸೀಮೆಯ ತಾಯಂದಿರು ಬುತ್ತಿ ಕಟ್ಟಿಕೊಂಡು ಬೆಳಗಿನಲ್ಲಿಯೇ ಹೊರಡುವರು. ಆಗ ಮನೆಯಲ್ಲಿ ಉಳಿಯುವ ಮೂರು ವರ್ಷದ ಮಗು ಯಾರ ಕೈಗೆ? ಅಜ್ಜಿಯಿದ್ದರೆ ಅಜ್ಜಿ, ಇಲ್ಲವಾದರೆ ಎಂಟೊಂಬತ್ತು ವರ್ಷದ ಅಕ್ಕ. ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡ ಹುಡುಗಿ ತಾನು ಶಾಲೆಗೆ ಹೋಗುವುದೆಂತು? ಒಂದು ಕೂಸಿನ ಆರೈಕೆಗೆ ಜನವಿಲ್ಲದೆ ಇಬ್ಬರ ಓದು ಕೆಡುತ್ತದೆ. ಈ ಗಂಟನ್ನು ಬಿಡಿಸಲು ನೆರವಾಗುವ ಏರ್ಪಾಡೇ ಅಂಗನವಾಡಿ.

ಆ ಹೆಸರು ನಮ್ಮ ನೆರೆಯ ಮರಾಠಿಯಿಂದ ಬಂದುದು. ಗಡಿನಾಡಿನ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ, ‘ಅಂಗಣ’ವೆಂದರೆ ಅಂಗಳ. ಅದರ ಹಿಂದೆ ತಾರಾಬಾಯಿ ಮೋಡಕ ಅವರ ಬಾಳಿನ ಕಥೆಯಿದೆ. 1892ರಲ್ಲಿ ಮುಂಬಯಿಯಲ್ಲಿ ಜನಿಸಿದ ಅವರು ಪದವೀಧರೆಯಾಗಿ, ರಾಜಕೋಟೆಯ ಮಹಿಳಾ ಶಿಕ್ಷಕಿಯರ ಕಾಲೇಜಿನ ಪ್ರಾಚಾರ್ಯೆಯಾಗಿದ್ದರು. ವಕೀಲಿ ವೃತ್ತಿಯನ್ನು ತೊರೆದು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದಿದ್ದ ಗಿಜುಭಾಯಿ ಬಧೇಕಾ ಅವರ ಕಾರ್ಯಕ್ಕೆ ಮನಸೋತು, ಆ ಪದವಿಯನ್ನು ಬಿಟ್ಟು ಪುಟ್ಟ ಮಕ್ಕಳ ಬಳಿಗೆ ಬಂದರು. ಹೊಡೆತವಿಲ್ಲದ, ಮಗು ತನ್ನ ಕೈಯಿಂದ ಮಾಡಿ ಕಲಿಯುವ ಮಾಂಟೆಸೊರಿ ಪದ್ಧತಿ ಅಲ್ಲಿ ನಡೆಯುತ್ತಿತ್ತು. ಆದರೆ ಅದಕ್ಕೆ ಬೇಕಾದ ಉಪಕರಣಗಳು ಬೆಲೆಬಾಳುವಂತಹವು. ಅಂತಹ ಶಾಲೆಗಳು ಪಟ್ಟಣದ ಅನುಕೂಲಸ್ಥರ ಮಕ್ಕಳನ್ನು ದಾಟಿ ಮುಂದೆ ಹೋಗಲಿಲ್ಲ.

1945ರಲ್ಲಿ, ತಮ್ಮ 53ನೆಯ ವಯಸ್ಸಿನಲ್ಲಿ, ತಾರಾಬಾಯಿ ಅವರು ಕಡಲ ತೀರದ ಬೋರ್ಡಿ ಎಂಬ ಹಳ್ಳಿಗೆ ಹೋದರು. ಪುಣೆಯಲ್ಲಿ ಶಿಕ್ಷಕಿಯಾಗಿದ್ದ, ಬಾಲ್ಯದಲ್ಲಿಯೇ ವಿಧವೆಯಾಗಿ ಛಲದಿಂದ ಓದಿದ್ದ ಅನುತಾಯಿ ವಾಘ್ ಅವರನ್ನು ಅಲ್ಲಿ ಸೇರಿಕೊಂಡರು. ಬಾಲವಾಡಿ ಸಿದ್ಧವಾಯಿತು. ಆದರೆ ಬಡವರ, ದಲಿತರ ಕೇರಿಗಳಿಂದ ಮಕ್ಕಳು ಅತ್ತ ಸುಳಿಯಲಿಲ್ಲ. ಇನ್ನೊಬ್ಬರಾಗಿದ್ದರೆ ಇವರಿಗೆ ವಿದ್ಯೆಯ ಬೆಲೆ ತಿಳಿಯದೆಂದು ಸುಮ್ಮನಾಗುತ್ತಿದ್ದರೇನೋ. ಇವರು ಹಾಗೆ ಮಾಡದೆ, ಬಾಲವಾಡಿಯನ್ನೇ ಎತ್ತಿಕೊಂಡು ಕೇರಿಯ ಅಂಗಳಕ್ಕೆ ಹೋದರು. ಮಕ್ಕಳ ಮೈ ತೊಳೆದರು, ತಲೆ ಬಾಚಿದರು, ಹಾಡಿಸಿದರು. ವಿದೇಶದ ಉಪಕರಣಗಳ ಸ್ಥಾನಕ್ಕೆ ಕಲ್ಲುಹರಳು, ಕಪ್ಪೆಚಿಪ್ಪು, ಎಲೆ, ಬೀಜಗಳು ಬಂದವು. 1957ರಲ್ಲಿ ಸಮೀಪದ ಕೋಸಬಾಡದ ಗುಡ್ಡಕ್ಕೆ ಈ ಕಾರ್ಯ ವಿಸ್ತರಿಸಿತು. ಅಲ್ಲಿಯ ವಾರಲಿ ಬುಡಕಟ್ಟಿನ ಹುಡುಗರು ದನ ಕಾಯುವವರು. ಅವರಿಗಾಗಿ ಹುಲ್ಲುಗಾವಲಿನಲ್ಲಿಯೇ ಶಾಲೆ ನಡೆಯಿತು. ಕೂಸುಗಳ ತೊಟ್ಟಿಲಮನೆ, ಬಾಲವಾಡಿ ಮತ್ತು ಪ್ರಾಥಮಿಕ ಶಾಲೆ ಒಂದೇ ಆವರಣದಲ್ಲಿದ್ದುದರಿಂದ ತಮ್ಮನನ್ನು ಹೊತ್ತು ಬಂದ ಅಕ್ಕನೂ ಓದಲು ಕುಳಿತಳು. ನಮ್ಮ ಸೀಮೆಯ ಆ ಗಂಟನ್ನು ಬಿಡಿಸುವ ದಾರಿಯನ್ನು ಅವರು ಅಂದೇ ಕಂಡುಕೊಂಡಿದ್ದರು.

ಭಾರತ ಸರ್ಕಾರವು 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ಮೊದಲು ಆಯ್ದ 33 ಪ್ರದೇಶಗಳಲ್ಲಿ ಕರ್ನಾಟಕದ ತಿರುಮಕೂಡಲು ನರಸೀಪುರವೂ ಒಂದು. ಇಂದು ಅಂಗನವಾಡಿಯಿಲ್ಲದ ಊರು ವಿರಳ.

ಅಲ್ಲಿಯ ಕಾರ್ಯಕರ್ತೆಯ ದಿನಚರಿಯನ್ನು ಗಮನಿಸಿರಿ. ಬೀದರ ಸೀಮೆಯಲ್ಲಿ ಒಂದೇ ಚಾಪೆಯ ಮೇಲೆ ಕುಳಿತ ಮಕ್ಕಳ ಮನೆಮಾತು ಒಂದೇ ಆಗಿರುವುದಿಲ್ಲ. ಬಾಯಾರಿದಾಗ ಒಬ್ಬನು ‘ನೀರು’ ಎನ್ನುವನು, ದಖನಿ ಉರ್ದುವಿನ ಮನೆಯವಳು ‘ಪಾನಿ’ ಎನ್ನುವಳು, ಮರಾಠಿ ಅಥವಾ ಲಂಬಾಣಿ ಮನೆಯ ಮಗು ‘ಪಾಣಿ’ ಎನ್ನುವುದು. ಮೂವರಿಗೂ ಲೋಟ ಕೊಟ್ಟು, ಮೂರು ಮಾತುಗಳನ್ನೂ ಒಪ್ಪಿಕೊಂಡು, ನಿಧಾನವಾಗಿ ಎಲ್ಲರನ್ನೂ ಒಂದು ಹಾಡಿಗೆ ತರಬೇಕು. ಇದು ಸಣ್ಣ ಕೆಲಸವೆಂದು ತೋರಬಹುದು. ಮಾಡಿ ನೋಡಿದವರಿಗೆ ಅದರ ಕಷ್ಟ ಗೊತ್ತು. ಮಗುವನ್ನು ತೂಗಿ, ತೂಕವನ್ನು ವಯಸ್ಸಿಗನುಗುಣವಾಗಿ ಬೆಳವಣಿಗೆಯ ಪಟ್ಟಿಯಲ್ಲಿ ಗುರುತಿಸುವುದೂ ಅವಳ ಕೆಲಸವೇ. ಆ ಚುಕ್ಕೆಗಳನ್ನು ಸೇರಿಸಿದ ಗೆರೆ ಮೇಲೇರದೆ ಅಡ್ಡಲಾಗಿ ಸಾಗಿದರೆ, ಕಣ್ಣಿಗೆ ಕಾಣುವ ಮೊದಲೇ ಮಗು ಸೊರಗುತ್ತಿದೆಯೆಂದು ತಿಳಿಯುತ್ತದೆ. ಒಪ್ಪದ ಅತ್ತೆಗೂ ಅಂಜುವ ಸೊಸೆಗೂ ಅದನ್ನು ತಿಳಿಯಹೇಳಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಅವಳ ಕೈಯಲ್ಲಿ ದಂಡಿಸುವ ಅಧಿಕಾರವಿಲ್ಲ. ಊರವರ ನಂಬಿಕೆಯೊಂದೇ ಬಂಡವಾಳ. ಆರು ವರ್ಷ ತುಂಬುವಷ್ಟರಲ್ಲಿ ಮಗುವಿನ ಮೆದುಳು ವಯಸ್ಕರ ಮೆದುಳಿನ ಗಾತ್ರದ ಸುಮಾರು 90 ಪ್ರತಿಶತದಷ್ಟು ಬೆಳೆದಿರುತ್ತದೆ. ಆದುದರಿಂದ ಈ ಕೆಲಸವನ್ನು ಮುಂದೂಡುವಂತಿಲ್ಲ.

ಇಷ್ಟು ಹೊಣೆ ಹೊತ್ತವಳಿಗೆ ದೊರೆಯುವುದನ್ನು ಸಂಬಳವೆನ್ನದೆ ‘ಗೌರವಧನ’ವೆನ್ನುತ್ತಾರೆ. ಹೆಸರಿನಲ್ಲಿರುವ ಗೌರವ ಮೊತ್ತದಲ್ಲಿ ಕಾಣುವುದಿಲ್ಲ. ಗುಜರಾತಿನ ಕಾರ್ಯಕರ್ತೆಯರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2022ರ ಏಪ್ರಿಲ್ 25ರಂದು, ಕೆಲಸದಿಂದ ಬಿಡುಗಡೆ ಹೊಂದುವಾಗ ದೊರೆಯುವ ಗ್ರಾಚ್ಯುಟಿಗೆ ಇವರೂ ಹಕ್ಕುದಾರರೆಂದು ತೀರ್ಪು ನೀಡಿತು. ಮತ್ತೊಂದು ಪ್ರಶ್ನೆ ನಮ್ಮ ಸೀಮೆಯಲ್ಲಿಯೇ ಎದ್ದಿತು. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಪೂರ್ವ ಪ್ರಾಥಮಿಕ ತರಗತಿಗಳನ್ನು ತೆರೆಯಲು ಸರ್ಕಾರ ಮುಂದಾದಾಗ, ಅಂಗನವಾಡಿಗಳು ಬರಿದಾಗುವುವೆಂದು ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಪ್ರತಿಭಟಿಸಿದರು. ಆ ತರಗತಿಗಳನ್ನು ತಮ್ಮ ಅಂಗನವಾಡಿಗಳಲ್ಲಿಯೇ ನಡೆಸಬೇಕೆಂದು ಅವರು ಕೇಳಿದರು.