ಶಾಫ್ಟ್ ಅಲುಗಾಡಿದರೆ ಕ್ರೌನ್ ಹೋಯಿತೆಂದೇ ಅರ್ಥವೇ?

ಜಗಳೂರಿನ ಮೆಕ್ಕೆಜೋಳ, ಚನ್ನಗಿರಿಯ ಅಡಿಕೆ, ಹೊನ್ನಾಳಿ–ನ್ಯಾಮತಿ ಕಡೆಯ ಭತ್ತ. ಸುಗ್ಗಿ ಬಂತೆಂದರೆ ದಾವಣಗೆರೆ ಜಿಲ್ಲೆಯ ಈ ತಾಲ್ಲೂಕುಗಳಲ್ಲಿ ಲಾರಿಗಳಿಗೆ ಬಿಡುವಿಲ್ಲ. ಅಂಥ ಹೊತ್ತಿನಲ್ಲಿ ಕ್ಲಚ್ ಬಿಟ್ಟಾಗ ಹಿಂದಿನಿಂದ ‘ಟಕ್’ ಎಂದು ಸದ್ದು ಬಂದರೆ ಮಾಲೀಕರಿಗೆ ದಿಗಿಲಾಗುವುದು ಸಹಜ. ಯಾರೋ ಒಬ್ಬರು ಲಾರಿ ಕೆಳಗೆ ತೂರಿ, ಪ್ರೊಪೆಲರ್ ಶಾಫ್ಟನ್ನು ಕೈಯಲ್ಲಿ ಆಚೀಚೆ ತಿರುಗಿಸಿ, “ಇಷ್ಟೊಂದು ಆಟ ಇದೆ, ಕ್ರೌನ್-ಪಿನಿಯನ್ ಹೋಗಿದೆ” ಎಂದು ತೀರ್ಪು ಕೊಡುತ್ತಾರೆ. ಸೆಕೆಂಡ್ ಹ್ಯಾಂಡ್ ಲಾರಿಯ ಬೆಲೆ ಕುದುರಿಸುವಾಗಲೂ ಇದೇ ಪರೀಕ್ಷೆ.

ಈ ತೀರ್ಪನ್ನು ನಂಬಿ ಹೌಸಿಂಗ್ ಬಿಚ್ಚಿಸಿದರೆ ಖರ್ಚು ದೊಡ್ಡದು, ಬಾಡಿಗೆಯೂ ತಪ್ಪುತ್ತದೆ. ಆದರೆ ಕೈಗೆ ಸಿಗುವ ಆ ಆಟದಲ್ಲಿ ಕ್ರೌನ್-ಪಿನಿಯನ್ನಿನ ಪಾಲು ಎಷ್ಟು?

ಆಟ ಇರಲೇಬೇಕು

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡೋಣ. ‘ಒಳ್ಳೆಯ ಗೇರಿನಲ್ಲಿ ಆಟವೇ ಇರಬಾರದು’ ಎಂಬುದು ಸರಿಯಲ್ಲ. ಹಲ್ಲು ಹಲ್ಲಿಗೆ ಅಂಟಿಕೊಂಡಂತೆ ಕೂತರೆ ನಡುವೆ ಎಣ್ಣೆಯ ಪದರ ನಿಲ್ಲುವುದಿಲ್ಲ. ಓಡುವಾಗ ಲೋಹ ಬಿಸಿಯಾಗಿ ಹಿಗ್ಗುವುದಕ್ಕೂ ಜಾಗ ಬೇಕು. ಹಾಗಾಗಿ ಕಾರ್ಖಾನೆಯಲ್ಲೇ ಸ್ವಲ್ಪ ಸಂದು ಬಿಟ್ಟು ಕೂರಿಸುತ್ತಾರೆ. ಭಾರಿ ವಾಹನಗಳ ಅನೇಕ ಆಕ್ಸಲ್‌ಗಳಲ್ಲಿ ಇದು ಕ್ರೌನ್ ಹಲ್ಲಿನ ಬಳಿ ಸುಮಾರು 0.2ರಿಂದ 0.5 ಮಿ.ಮೀ. ಇರುತ್ತದೆ. ನಿಮ್ಮ ಲಾರಿಗೆ ಸರಿಯಾದ ಅಳತೆ ಅದರ ಸರ್ವಿಸ್ ಪುಸ್ತಕದಲ್ಲಿರುತ್ತದೆ.

ಒಂದು ಸಣ್ಣ ಲೆಕ್ಕ

ಪಿನಿಯನ್‌ಗೆ 6 ಹಲ್ಲು, ಕ್ರೌನ್‌ಗೆ 41 ಹಲ್ಲು ಇದೆ ಎಂದುಕೊಳ್ಳಿ. ಕ್ರೌನ್ ಒಂದು ಸುತ್ತು ತಿರುಗಲು ಪಿನಿಯನ್ 6.83 ಸುತ್ತು ತಿರುಗಬೇಕು. ಕ್ರೌನಿನ ವ್ಯಾಸ 400 ಮಿ.ಮೀ., ಹಲ್ಲಿನ ಸಂದು 0.3 ಮಿ.ಮೀ. ಇದ್ದರೆ, ಪಿನಿಯನ್ ಆಚೀಚೆ ತಿರುಗುವುದು ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಮಾತ್ರ. 160 ಮಿ.ಮೀ. ವ್ಯಾಸದ ಫ್ಲಾಂಜಿನ ಅಂಚಿನಲ್ಲಿ ಅದು ಒಂದು ಮಿ.ಮೀ. ಕೂಡ ಆಗುವುದಿಲ್ಲ. ಸಂದು ಸವೆದು ಎರಡರಷ್ಟಾದರೂ ಸುಮಾರು 1.6 ಮಿ.ಮೀ. ಅಷ್ಟೆ.

ಹಾಗಾದರೆ ಕೈಗೆ ಢಾಳಾಗಿ ಸಿಗುವ ಆಟ ಎಲ್ಲಿಂದ ಬರುತ್ತದೆ? ಕ್ರೌನ್ ದಾಟಿದ ಮೇಲೆ ಇನ್ನೂ ಎರಡು ಕಡೆ ಸಂದುಗಳಿವೆ: ಡಿಫರೆನ್ಷಿಯಲ್ ಒಳಗಿನ ಸಣ್ಣ ಗೇರುಗಳು ಮತ್ತು ಆಕ್ಸಲ್ ಶಾಫ್ಟ್ ತುದಿಯ ಹಲ್ಲುಗಳು. ಇವೆಲ್ಲ ಸೇರಿ ಒಂದೇ ಒಂದು ಡಿಗ್ರಿ ಸಡಿಲವಾದರೂ, ಪಿನಿಯನ್ ಬಳಿ ಬರುವಷ್ಟರಲ್ಲಿ ಅದು 6.83 ಪಟ್ಟು ಹಿಗ್ಗುತ್ತದೆ. ಅದೇ ಫ್ಲಾಂಜಿನ ಅಂಚಿನಲ್ಲಿ ಅದು ಸುಮಾರು ಒಂದು ಸೆಂಟಿಮೀಟರ್! ಇದರ ಜೊತೆ ಶಾಫ್ಟಿನ ಕ್ರಾಸ್ ಸವೆದಿದ್ದರೆ ಆ ಆಟವೂ ಸೇರಿಕೊಳ್ಳುತ್ತದೆ.

ಅಂದರೆ ಕೈಗೆ ಸಿಗುವ ಆಟ ಹಲವು ಸಂದುಗಳ ಮೊತ್ತ. ಅದು ಹೆಚ್ಚಿದ್ದ ಮಾತ್ರಕ್ಕೆ ಕ್ರೌನ್ ಕೆಟ್ಟಿದೆ ಎನ್ನಲಾಗದು. ಕಡಿಮೆಯಿದ್ದ ಮಾತ್ರಕ್ಕೆ ಹಲ್ಲು ಚೆನ್ನಾಗಿದೆ ಎನ್ನಲೂ ಆಗದು.

ಸರಿಯಾಗಿ ನೋಡುವುದು ಹೇಗೆ?

ಲಾರಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ಖಾಲಿ ನಿಲ್ಲಿಸಿ. ಇಂಜಿನ್ ಆಫ್ ಮಾಡಿ ಕೀ ತೆಗೆದಿಟ್ಟುಕೊಳ್ಳಿ. ಪಾರ್ಕಿಂಗ್ ಬ್ರೇಕ್ ಹಾಕಿ, ಚಕ್ರಗಳ ಹಿಂದೆ ಮುಂದೆ ದಪ್ಪ ಕಟ್ಟೆ ಕೊಟ್ಟ ಮೇಲೆಯೇ ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಬರೀ ಜಾಕ್ ಮೇಲೆ ನಿಂತ ಲಾರಿಯ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿ.

1. ಮೊದಲು ಕ್ರಾಸ್ ನೋಡಿ. ಅದರ ಒಂದು ಬದಿಯನ್ನು ಬಿಗಿಯಾಗಿ ಹಿಡಿದು ಇನ್ನೊಂದು ಬದಿಯನ್ನು ತಿರುಗಿಸಿ. ನಡುವೆ ಅಲುಗಾಟ ಕಂಡರೆ ದೋಷ ಹೊರಗೇ ಇದೆ. ಇದು ಹೌಸಿಂಗ್ ಬಿಚ್ಚದೆ ಮುಗಿಯುವ ಕೆಲಸ.

2. ಪಿನಿಯನ್ ಫ್ಲಾಂಜನ್ನು ಮೇಲೆ ಕೆಳಗೆ, ಹಿಂದೆ ಮುಂದೆ ಅಲುಗಿಸಿ. ತಿರುಗುವ ಆಟ ಸಹಜ, ಆದರೆ ಈ ದಿಕ್ಕುಗಳಲ್ಲಿ ಕೈಗೆ ತಿಳಿಯುವಷ್ಟು ಅಲುಗಾಟ ಇರಬಾರದು. ಇದ್ದರೆ ಪಿನಿಯನ್ ಬೇರಿಂಗ್ ಸಡಿಲವಾಗಿದೆ ಅಥವಾ ಸವೆದಿದೆ. ಇದನ್ನು ಹಾಗೇ ಬಿಟ್ಟು ಓಡಿಸಿದರೆ ಒಳ್ಳೆಯ ಹಲ್ಲೂ ಹಾಳಾಗುತ್ತದೆ.

3. ಫ್ಲಾಂಜ್ ಮತ್ತು ಹೌಸಿಂಗ್ ಎರಡರ ಮೇಲೂ ಸೀಮೆಸುಣ್ಣದ ಗೆರೆ ಎಳೆದು, ಫ್ಲಾಂಜನ್ನು ಎರಡೂ ಕಡೆ ತಿರುಗಿಸಿ, ಗೆರೆ ಎಷ್ಟು ಸರಿಯಿತೆಂದು ಅಳೆದು ಬರೆದಿಡಿ.

4. ಗೇರ್ ಆಯಿಲ್ ಇಳಿಸಿ ನೋಡಿ. ಡ್ರೇನ್ ಪ್ಲಗ್ಗಿನ ಆಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಲೇಪ ಹತ್ತಿದ್ದರೆ ಗಾಬರಿ ಬೇಡ. ಲೋಹದ ಚೂರು, ಹಲ್ಲಿನ ತುಣುಕು ಸಿಕ್ಕರೆ ಲಾರಿ ಅಲ್ಲೇ ನಿಲ್ಲಬೇಕು. ಎಣ್ಣೆ ಹಾಲು ಬೆರೆಸಿದಂತೆ ಬಿಳಿಯಾಗಿದ್ದರೆ ನೀರು ಸೇರಿದೆ ಎಂದರ್ಥ.

ಸದ್ದು ಏನು ಹೇಳುತ್ತದೆ?

ವೇಗ ಹೆಚ್ಚಿದಂತೆ ಒಂದೇ ಸಮನೆ ಗುರುಗುಟ್ಟಿದರೆ ಬೇರಿಂಗ್ ಮೇಲೆ ಅನುಮಾನ. ಆಕ್ಸಿಲರೇಟರ್ ಒತ್ತಿದಾಗ ಅಥವಾ ಬಿಟ್ಟಾಗ ಮಾತ್ರ ‘ಕುಂಯ್’ ಎಂದು ಊಳಿಟ್ಟರೆ ಕ್ರೌನ್-ಪಿನಿಯನ್ ಮೇಲೆ. ನೇರ ರಸ್ತೆಯಲ್ಲಿ ಸುಮ್ಮನಿದ್ದು ತಿರುವಿನಲ್ಲಿ ಮಾತ್ರ ಸದ್ದಾದರೆ ಒಳಗಿನ ಸಣ್ಣ ಗೇರುಗಳ ಮೇಲೆ. ಇವು ಸುಳಿವುಗಳು ಮಾತ್ರ. ಕೊನೆಯ ಮಾತು ಡಯಲ್ ಗೇಜಿನದು ಮತ್ತು ಹಲ್ಲಿಗೆ ಬಣ್ಣ ಹಚ್ಚಿ ನೋಡುವ ಗುರುತಿನದು.

ಕೆಸರಿನಲ್ಲಿ ಏನಾಗುತ್ತದೆ?

ಆ ಸಣ್ಣ ಗೇರುಗಳು ನೇರ ರಸ್ತೆಯಲ್ಲಿ ಹೆಚ್ಚುಕಡಿಮೆ ತಿರುಗುವುದೇ ಇಲ್ಲ. ತಿರುವಿನಲ್ಲಿ ನಿಧಾನವಾಗಿ ತಿರುಗುತ್ತವೆ. ಆದರೆ ಗದ್ದೆಯ ಬದಿಯಲ್ಲಿ ಭರ್ತಿ ಲಾರಿ ಹೂತು, ಒಂದು ಚಕ್ರ ನಿಂತು ಇನ್ನೊಂದು ಗಿರಗಿರನೆ ಸುತ್ತಿದರೆ, ಸುತ್ತುವ ಚಕ್ರದ ವೇಗ ಕ್ರೌನಿನ ಎರಡರಷ್ಟಾಗುತ್ತದೆ. ಮೀಟರ್ 30 ತೋರಿಸುವಾಗ ಆ ಚಕ್ರ 60ರ ವೇಗದಲ್ಲಿ ಸುತ್ತುತ್ತಿರುತ್ತದೆ. ಆಗ ಸಣ್ಣ ಗೇರುಗಳು ತಮ್ಮ ಅಚ್ಚಿನ ಮೇಲೆ ಭಾರಿ ವೇಗದಲ್ಲಿ ಉಜ್ಜಿ, ಎಣ್ಣೆ ಸಾಲದೆ ಸವೆಯುತ್ತವೆ, ಕೆಲವೊಮ್ಮೆ ಹಿಡಿದುಕೊಳ್ಳುತ್ತವೆ. ಆಕ್ಸಿಲರೇಟರ್ ಒತ್ತುತ್ತಾ ಹೋಗುವುದಕ್ಕಿಂತ ಲೋಡ್ ಇಳಿಸಿ ಎಳೆಸುವುದು ಅಗ್ಗ.

ಟೈಟ್ ಮಾಡಿದರೆ ಸರಿಹೋಗುತ್ತದೆಯೇ?

ಸವೆದ ಹಲ್ಲನ್ನು ಹತ್ತಿರ ತಂದು ಆಟ ಕಡಿಮೆ ಮಾಡಿದರೆ, ವರ್ಷಗಳಿಂದ ಒಂದಕ್ಕೊಂದು ಹೊಂದಿಕೊಂಡ ಜಾಗ ಬದಲಾಗುತ್ತದೆ. ಸದ್ದು ಹೆಚ್ಚುತ್ತದೆ, ಸವೆತವೂ ಹೆಚ್ಚುತ್ತದೆ. ಹಳೆಯ ಜೋಡಿಯನ್ನೇ ಮತ್ತೆ ಹಾಕುವುದಾದರೆ ಬಿಚ್ಚುವ ಮೊದಲು ಇದ್ದ ಅಳತೆಗೇ ಕೂರಿಸಬೇಕು. ಬದಲಿಸುವುದಾದರೆ ಕ್ರೌನ್ ಮತ್ತು ಪಿನಿಯನ್ ಎರಡನ್ನೂ ಜೋಡಿಯಾಗಿಯೇ ಹಾಕಬೇಕು, ಏಕೆಂದರೆ ಕಾರ್ಖಾನೆಯಲ್ಲಿ ಅವನ್ನು ಜೊತೆಯಾಗಿಯೇ ಉಜ್ಜಿ ಹೊಂದಿಸಿರುತ್ತಾರೆ.

ಹಾಗೆಂದು ‘ಇಷ್ಟು ದಿನ ಓಡಿದೆ, ಇನ್ನೂ ಓಡಲಿ’ ಎನ್ನುವುದೂ ಅಪಾಯ. ಇಳಿಜಾರಿನಲ್ಲಿ ಹಲ್ಲು ಮುರಿದು ಚಕ್ರಕ್ಕೂ ಇಂಜಿನ್ನಿಗೂ ಸಂಬಂಧ ತಪ್ಪಿದರೆ, ಗೇರಿನಲ್ಲಿದ್ದರೂ ಇಂಜಿನ್ ಲಾರಿಯನ್ನು ತಡೆಯಲಾರದು. ಎಲ್ಲ ಭಾರ ಬ್ರೇಕಿನ ಮೇಲೇ ಬೀಳುತ್ತದೆ.

ಒಂದು ದಿನದ ಆಟಕ್ಕಿಂತ ಅದು ಬೆಳೆಯುವ ವೇಗ ಹೆಚ್ಚು ಹೇಳುತ್ತದೆ. ಪ್ರತಿ ಸಲ ಗೇರ್ ಆಯಿಲ್ ಬದಲಿಸುವಾಗ ಸೀಮೆಸುಣ್ಣದ ಅಳತೆಯನ್ನು ಕಿಲೋಮೀಟರ್ ಜೊತೆ ಡೈರಿಯಲ್ಲಿ ಬರೆದಿಡಿ. ಎರಡು ವರ್ಷದಿಂದ ಅಷ್ಟೇ ಇದ್ದರೆ ಆತುರ ಬೇಡ. ಮೂರೇ ತಿಂಗಳಲ್ಲಿ ಎರಡರಷ್ಟಾಗಿದ್ದರೆ, ಮುಂದಿನ ಲೋಡ್ ಹಾಕುವ ಮೊದಲೇ ಹೌಸಿಂಗ್ ಬಿಚ್ಚಿಸಿ ನೋಡಿ.